ದಿನಕ್ಕೊಂದು ಮಾತ್ರೆ, ಅದಕ್ಕೆ ನೂರು ಅಡ್ಡಿ

ಬೀದರ್, ಕಲಬುರಗಿ ಜಿಲ್ಲೆಗಳ ಗಡಿಯಾಚೆ ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಿವೆ. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಸೀಮೆಯಿದು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳೂ ಇಲ್ಲುಂಟು. ಇಂಥ ಕಡೆ ಎಚ್‌ಐವಿ ಸೋಂಕಿನೊಂದಿಗೆ ಬೆಳೆಯುವ ಮಕ್ಕಳು ಚಿಕಿತ್ಸೆಯನ್ನು ತಪ್ಪದೆ ಮುಂದುವರಿಸುವುದು ಸುಲಭವಲ್ಲ.

ನಮ್ಮ ದೇಶದಲ್ಲಿ ಸರ್ಕಾರವು ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಂದು. ಇಂದು ಹೆಚ್ಚಿನ ವಯಸ್ಕರಿಗೆ ಮೂರು ಔಷಧಗಳು ಕೂಡಿದ, ದಿನಕ್ಕೊಂದೇ ಮಾತ್ರೆ ಸಾಕು. ಔಷಧ ಸುಲಭವಾಯಿತು, ಬದುಕು ಆಗಲಿಲ್ಲ.

ಅಡ್ಡಿಗಳೇನು? ಮೊದಲನೆಯದು ಮುಚ್ಚುಮರೆ. ಹುಟ್ಟಿನಿಂದಲೇ ಸೋಂಕಿರುವ ಮಗುವಿಗೆ "ಇದು ಶಕ್ತಿಯ ಗುಳಿಗೆ" ಎಂದು ಅಜ್ಜಿ ಹೇಳಿರುತ್ತಾಳೆ. ಹದಿನೈದರ ಹರೆಯದಲ್ಲಿ ಸತ್ಯ ಬೇರೆ ಬಾಯಿಂದ ತಿಳಿದಾಗ ಆ ಮಗು ಮಾತ್ರೆಯನ್ನೂ ಅಜ್ಜಿಯನ್ನೂ ನಂಬದಂತಾಗಬಹುದು. ಎರಡನೆಯದು ಹಾಸ್ಟೆಲ್, ಕೆಲಸದ ಜಾಗ: ಡಬ್ಬಿ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ. ಮೂರನೆಯದು ದಾರಿ: ಬಸ್ಸಿನ ಖರ್ಚು, ಒಂದು ದಿನದ ಕೂಲಿ. ನಾಲ್ಕನೆಯದು "ಚೆನ್ನಾಗಿಯೇ ಇದ್ದೇನಲ್ಲ, ಇನ್ನೇಕೆ?" ಎಂಬ ಬೇಸರ.

ಆದರೆ ಪದೇಪದೇ ಮಾತ್ರೆ ಬಿಟ್ಟರೆ ವೈರಾಣು ಮತ್ತೆ ಹೆಚ್ಚುತ್ತದೆ; ಔಷಧಕ್ಕೆ ಬಗ್ಗದಂತಾಗಲೂಬಹುದು. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ತಗಲುವುದಿಲ್ಲ. ಮದುವೆಯ ಕನಸು ಕಾಣುವ ಯುವಜನರಿಗೆ ಇದಕ್ಕಿಂತ ಶುಭವಾರ್ತೆ ಯಾವುದು?

ಪ್ರಿಯ ಓದುಗರೇ, ನಮ್ಮಿಂದಾಗುವುದು ಬಹಳಷ್ಟಿದೆ. ಮಗುವಿಗೆ ವಯಸ್ಸಿಗೆ ತಕ್ಕಂತೆ, ಆಪ್ತಸಲಹೆಗಾರರ ನೆರವಿನಿಂದ, ನಿಜ ತಿಳಿಸೋಣ. ಗುಳೆ ಹೋಗುವ ಮುನ್ನ ಎಆರ್‌ಟಿ ಕೇಂದ್ರಕ್ಕೆ ತಿಳಿಸಿದರೆ ಹೆಚ್ಚಿನ ದಿನಗಳ ಔಷಧವನ್ನೋ, ಹೋಗುವ ಊರಿನ ಕೇಂದ್ರಕ್ಕೆ ವರ್ಗಾವಣೆಯನ್ನೋ ಕೇಳಬಹುದು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ನುಂಗುವವರು ಅದನ್ನೂ ವೈದ್ಯರಿಗೆ ಹೇಳಬೇಕು. ಪ್ರಾರ್ಥನೆ ಬಲ ಕೊಡುತ್ತದೆ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸಿರೆಂದು ಯಾರಾದರೂ ಹೇಳಿದರೆ ಕೇಳಬೇಡಿ.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯು ಶಾಲೆ, ಕೆಲಸ, ಆಸ್ಪತ್ರೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಗೋಪ್ಯತೆಗೂ ರಕ್ಷಣೆ ಕೊಟ್ಟಿದೆ. ಸಲಹೆಗೆ 1097 ಉಚಿತ ಸಹಾಯವಾಣಿಯಿದೆ.

ಯೇಸುಸ್ವಾಮಿ ಕುಷ್ಠರೋಗಿಯನ್ನು ದೂರದಿಂದಲೇ ಗುಣಪಡಿಸಬಹುದಿತ್ತು. ಆದರೂ ಕೈಚಾಚಿ ಮುಟ್ಟಿದರು. ನಮ್ಮ ಧರ್ಮಕೇಂದ್ರದ ಯುವಕ ಯುವತಿಯರಲ್ಲಿ ಯಾರು ರಾತ್ರಿ ಕದ್ದು ಮಾತ್ರೆ ನುಂಗುತ್ತಾರೋ ನಾವು ಹುಡುಕಬೇಕಿಲ್ಲ. ಅವರು ಕದ್ದು ನುಂಗಬೇಕಾಗದಂಥ ಮಾತು ನಮ್ಮ ಬಾಯಲ್ಲಿರಲಿ.