ಎಕೋ ವರದಿಯಲ್ಲಿ ಬರ್ನೌಲಿ

ಹೃದಯದ ಎಕೋ ಮಾಡಿಸಿಕೊಂಡವರ ಕೆಲವು ವರದಿಗಳಲ್ಲಿ ‘ಪೀಕ್ ಗ್ರೇಡಿಯೆಂಟ್ 64’ ಎಂಬಂಥ ಒಂದು ಸಾಲು ಇರುತ್ತದೆ. ಕವಾಟದ ಹಿಂದಿನ ಮತ್ತು ಮುಂದಿನ ರಕ್ತದೊತ್ತಡಗಳ ನಡುವೆ 64 ಮಿಲಿಮೀಟರ್ ಪಾದರಸದಷ್ಟು ಅಂತರವಿದೆ ಎಂದರ್ಥ. ಸೋಜಿಗವೆಂದರೆ ಎಕೋ ಯಂತ್ರ ಒತ್ತಡವನ್ನು ಅಳೆಯುವುದೇ ಇಲ್ಲ. ಅದು ಅಳೆದದ್ದು ರಕ್ತದ ವೇಗವನ್ನು, ಸೆಕೆಂಡಿಗೆ 4 ಮೀಟರ್. ಉಳಿದದ್ದೆಲ್ಲ ಮಗ್ಗಿ: ನಾಲ್ಕರ ವರ್ಗ 16, ಅದರ ನಾಲ್ಕರಷ್ಟು 64.

ಅಗಲವಾಗಿ ಹರಿದು ಬಂದ ಕಾವೇರಿ ಮೇಕೆದಾಟಿನ ಬಂಡೆಗಳ ಇಕ್ಕಟ್ಟಿಗೆ ಸಿಕ್ಕಿ ಹೇಗೆ ರಭಸದಿಂದ ನುಗ್ಗುತ್ತದೋ, ಸುಣ್ಣ ಕಟ್ಟಿ ಬಿರುಸಾದ ಕವಾಟದಲ್ಲಿ ರಕ್ತವೂ ಹಾಗೆ ನುಗ್ಗುತ್ತದೆ. ಒತ್ತಡ ಕರಗಿ ವೇಗವಾಗುತ್ತದೆ. ಈ ನಂಟನ್ನು 1738ರ ‘ಹೈಡ್ರೊಡೈನಮಿಕಾ’ದಲ್ಲಿ ವಿವರಿಸಿದ ಡೇನಿಯಲ್ ಬರ್ನೌಲಿ ವೈದ್ಯಕೀಯವನ್ನೂ ಓದಿದ್ದವನು. ಗಣಿತದಿಂದ ಹೊಟ್ಟೆ ತುಂಬದೆಂದು ಅವನನ್ನು ಬೇರೆ ದಾರಿಗೆ ಹಚ್ಚಲು ನೋಡಿದ ಅಪ್ಪ ಯೋಹಾನ್ ತಾನೇ ದೊಡ್ಡ ಗಣಿತಜ್ಞ!

ಸೂತ್ರದಲ್ಲಿ ವರ್ಗವನ್ನು ಗುಣಿಸುವ ಆ ನಾಲ್ಕಕ್ಕೂ ಲೆಕ್ಕವಿದೆ. ಘನಮೀಟರ್ ರಕ್ತದ ತೂಕ ಸುಮಾರು 1060 ಕಿಲೊ. ಅರ್ಧ ಮಾಡಿದರೆ 530. ಪಾಸ್ಕಲನ್ನು ಪಾದರಸದ ಮಿಲಿಮೀಟರಿಗೆ ತರಲು 133ರಿಂದ ಭಾಗಿಸಿದರೆ ನಾಲ್ಕಕ್ಕೆ ಕೂದಲೆಳೆಯಷ್ಟು ಕಡಿಮೆ. 1970ರ ದಶಕದಲ್ಲಿ ನಾರ್ವೆಯ ಲಿವ್ ಹಾಟ್ಲೆ ಮತ್ತು ಸಂಗಡಿಗರು ಈ ಸೂತ್ರವನ್ನು, ಶಬ್ದತರಂಗದಿಂದ ವೇಗ ಅಳೆಯುವ ಡಾಪ್ಲರ್ ವಿಧಾನದ ಜತೆ ಸೇರಿಸಿ ರೋಗಿಗಳ ಮೇಲೆ ಪರೀಕ್ಷಿಸಿದರು. ಅಲ್ಲಿಯವರೆಗೆ ಈ ಅಂತರ ತಿಳಿಯಲು ರಕ್ತನಾಳದೊಳಗೆ ಕ್ಯಾಥೆಟರ್ ತೂರಿಸಲೇಬೇಕಿತ್ತು.

ಆದರೆ ವರ್ಗ ಎನ್ನುವುದು ಅಪಾಯದ ಗೆಳೆಯ. ಶಬ್ದತರಂಗ ರಕ್ತದ ಹರಿವಿಗೆ ನೇರವಾಗಿರದೆ 30 ಡಿಗ್ರಿ ಓರೆಯಾಯಿತು ಎನ್ನಿ. ಕೋಸೈನ್ ಲೆಕ್ಕದಂತೆ 4 ಮೀಟರ್ ವೇಗ 3.46 ಎಂದು ಕಾಣುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಅಲ್ಲವೆ? ವರ್ಗ ಮಾಡಿ ನಾಲ್ಕರಿಂದ ಗುಣಿಸಿದರೆ 64 ಇದ್ದದ್ದು 48ಕ್ಕೆ ಇಳಿದಿರುತ್ತದೆ. ಒಳ್ಳೆಯ ಎಕೋ ತಜ್ಞರು ರೋಗಿಯನ್ನು ಎಡಕ್ಕೆ, ಬಲಕ್ಕೆ ಹೊರಳಿಸಿ, ಪಕ್ಕೆಲುಬಿನ ಸಂದಿನಲ್ಲಿ, ಕತ್ತಿನ ಬುಡದಲ್ಲಿ ಪ್ರೋಬ್ ಒತ್ತುತ್ತ ಅಷ್ಟು ಹೊತ್ತು ಹುಡುಕುವುದು ಅತ್ಯಧಿಕ ವೇಗ ಸಿಗುವ ಆ ಒಂದು ಕೋನವನ್ನು. ಐದು ನಿಮಿಷದಲ್ಲಿ ಮುಗಿಸಿ ಕಳಿಸುವ ಎಕೋ ಬಗ್ಗೆ ನನಗೆ ಗುಮಾನಿ ಇರುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಹೃದಯದ ಸ್ನಾಯುವೇ ಸೋತಿದ್ದರೆ, ಕವಾಟ ಎಷ್ಟೇ ಕಿರಿದಾಗಿದ್ದರೂ ರಕ್ತವನ್ನು ರಭಸದಿಂದ ದೂಡುವ ಕಸುವಿರುವುದಿಲ್ಲ. ಗ್ರೇಡಿಯೆಂಟ್ ಕಡಿಮೆ ಬಂತೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಆಗ ವೈದ್ಯರು ಕವಾಟದ ವಿಸ್ತೀರ್ಣಕ್ಕೇ ಕೈಹಾಕುತ್ತಾರೆ. ಕವಾಟದ ಕೆಳಗಿನ ದಾರಿಯಲ್ಲಿ ಹೋದಷ್ಟೇ ರಕ್ತ ಕವಾಟವನ್ನೂ ದಾಟಬೇಕು. ಆದ್ದರಿಂದ ವಿಸ್ತೀರ್ಣ ಮತ್ತು ವೇಗದ ಗುಣಲಬ್ಧ ಎರಡೂ ಕಡೆ ಒಂದೇ. ಇಲ್ಲಿಯೂ ವರ್ಗ ಬಿಡುವುದಿಲ್ಲ. ಆ ದಾರಿಯ ವ್ಯಾಸ 2.3 ಸೆಂಟಿಮೀಟರ್ ಎಂದು ಗುರುತಿಸಿದರೆ, ವೇಗ ಅಲ್ಲಿ 1 ಮೀಟರ್, ಕವಾಟದಲ್ಲಿ 4 ಮೀಟರ್ ಇದ್ದಾಗ, ವಿಸ್ತೀರ್ಣ 1.04 ಚದರ ಸೆಂಟಿಮೀಟರ್. ಅದೇ ವ್ಯಾಸವನ್ನು 2 ಎಂದು ಗುರುತಿಸಿದರೆ 0.79. ಮಹಾಪಧಮನಿ ಕವಾಟಕ್ಕೆ ‘ತೀವ್ರ’ ಎಂಬ ಹಣೆಪಟ್ಟಿ ಅಂಟುವುದು 1 ಚದರ ಸೆಂಟಿಮೀಟರಿನ ಆಸುಪಾಸಿನಲ್ಲಿ. ತೆರೆಯ ಮೇಲೆ ಮೂರು ಮಿಲಿಮೀಟರ್ ಆಚೀಚೆ ಆದರೆ ಹಣೆಪಟ್ಟಿಯೇ ಬದಲು! ಅನುಮಾನ ಉಳಿದರೆ ಡೊಬುಟಮೈನ್ ಔಷಧಿ ಹನಿಸಿ, ಹೃದಯವನ್ನು ಸ್ವಲ್ಪ ಹುರಿದುಂಬಿಸಿ, ಮತ್ತೆ ಅಳೆಯುತ್ತಾರೆ. ಹರಿವು ಹೆಚ್ಚಿದರೂ ವಿಸ್ತೀರ್ಣ ಹಿಗ್ಗದಿದ್ದರೆ ಕವಾಟದ್ದೇ ದೋಷ.

ನಮ್ಮಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕಿರಿದಾಗುವುದು ಹೆಚ್ಚಾಗಿ ಮೈಟ್ರಲ್ ಕವಾಟ. ಅದಕ್ಕೆ ಹಾಟ್ಲೆ ಬಳಗದ್ದೇ ಇನ್ನೊಂದು ಸಲೀಸು ಲೆಕ್ಕ: ಒತ್ತಡದ ಅಂತರ ಅರ್ಧಕ್ಕೆ ಇಳಿಯಲು ಹಿಡಿದ ಮಿಲಿಸೆಕೆಂಡುಗಳಿಂದ 220ನ್ನು ಭಾಗಿಸಿದರೆ ವಿಸ್ತೀರ್ಣ ಸಿಗುತ್ತದೆ. ಈ 220 ಯಾವ ಸಿದ್ಧಾಂತದಿಂದಲೂ ಇಳಿದದ್ದಲ್ಲ, ರೋಗಿಗಳನ್ನು ಅಳೆದು ಕಂಡುಕೊಂಡದ್ದು. ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ಬಲೂನ್ ಉಬ್ಬಿಸಿ ಈ ಕವಾಟವನ್ನು ಬಿಡಿಸುತ್ತಾರಲ್ಲ, ಬಿಡಿಸಿದ ಕೂಡಲೇ ಈ ಲೆಕ್ಕವನ್ನು ನಂಬುವಂತಿಲ್ಲ. ಒತ್ತಡಗಳು ದಿಢೀರನೆ ಬದಲಾಗಿ, ಹೃದಯದ ಕೋಣೆಗಳು ಅದಕ್ಕಿನ್ನೂ ಹೊಂದಿಕೊಂಡಿರುವುದಿಲ್ಲ. ಆಗ ವೈದ್ಯರು ಸೂತ್ರವನ್ನು ಬದಿಗಿಟ್ಟು, ತೆರೆಯ ಮೇಲೆ ಕಾಣುವ ಕವಾಟದ ಬಾಯಿಯ ಅಂಚಿಗೆ ಗೆರೆ ಎಳೆದು ವಿಸ್ತೀರ್ಣ ಅಳೆಯುತ್ತಾರೆ.