ಕೂತ ಬಂಡೆಗೆ ಎಷ್ಟು ವಯಸ್ಸು, ಹೇಳಿ ನೋಡೋಣ!

ಕಾರವಾರಕ್ಕೆ ಹೋದವರೆಲ್ಲ ಮಾಡುವ ಕೆಲಸ ಒಂದೇ. ಮುಖ ಕಡಲಿಗೆ, ಬೆನ್ನು ಬಂಡೆಗೆ! ಸೂರ್ಯ ಮುಳುಗುವ ಫೋಟೊ ತೆಗೆದು, ಪ್ಯಾಂಟಿನ ಮರಳು ಕೊಡವಿ ಎದ್ದು ಬರುತ್ತಾರೆ. ಇಷ್ಟು ಹೊತ್ತು ಕೂತಿದ್ದು ಯಾವುದರ ಮೇಲೆ ಅಂತ ಕೇಳುವವರಿಲ್ಲ.

ಈ ಸಲ ತಿರುಗಿ ಕೂರಿ. ಆ ಬೂದು ಬಂಡೆಯ ವಯಸ್ಸು ಊಹಿಸಿ.

ಹತ್ತು ಲಕ್ಷ ವರ್ಷ? ಛೆ! ಹಿಮಾಲಯದಷ್ಟು, ಐದು ಕೋಟಿ? ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯ ಕೂಸು! ಡೈನೋಸಾರ್ ಕಾಲದ್ದೇ? ಊಹೂಂ. ಇನ್ನೂ ಹಿಂದೆ ಹೋಗಿ.

ತಾಳಿ, ಸಂಖ್ಯೆ ಆಮೇಲೆ. ಮೊದಲು ಬಗ್ಗಿ ನೋಡಿ. ಹೊಸದಾಗಿ ಒಡೆದ ಚೂರು ಸಿಕ್ಕರೆ ಇನ್ನೂ ಚೆನ್ನ. ಬಿಸಿಲಿಗೆ ಹಿಡಿದು ಅತ್ತಿತ್ತ ಓರೆ ಮಾಡಿ. ಒಂದು ಕೋನಕ್ಕೆ ಬಂದಾಗ ಬಿಳಿ ಕಾಳೊಂದು ಫಳ್ ಅಂತ ಹೊಳೆಯಿತೇ? ಫೆಲ್ಡ್‌ಸ್ಪಾರ್! ಅದು ಒಡೆಯುವುದೇ ಚಪ್ಪಟೆ ಮುಖವಾಗಿ. ಪಕ್ಕದ ಮಸುಕು ಗಾಜಿನಂಥದ್ದು? ಕ್ವಾರ್ಟ್ಜ್! ಚಾಕುವಿನಿಂದ ಗೀರಿ. ಕಾಳಿಗೆ ಏನೂ ಆಗದು, ಸವೆಯುವುದು ಚಾಕುವೇ! ಕಪ್ಪು ಚುಕ್ಕೆಗಳಲ್ಲಿ ಉಗುರಿಗೆ ಪದರಪದರವಾಗಿ ಏಳುವುದು ಕಪ್ಪು ಅಭ್ರಕ. ಉಗುರಿಗೆ ಜಗ್ಗದ ಕಪ್ಪು ಕಡ್ಡಿ ಹಾರ್ನ್‌ಬ್ಲೆಂಡ್.

ಇವೆಲ್ಲ ನೆಲದಾಳದ ಶಿಲಾಪಾಕ ಆರುತ್ತಾ ಹರಳುಗಟ್ಟಿದವು. ನಿಧಾನವಾಗಿ ಆರಿದ್ದರಿಂದಲೇ ಕಾಳು ಕಣ್ಣಿಗೆ ಕಾಣುವಷ್ಟು ದಪ್ಪ.

ಕಣ್ಣಿಗೆ ಕಾಣದ್ದೂ ಒಂದಿದೆ. ಜಿರ್ಕಾನ್! ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದ ಹರಳು. ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸೀಸವನ್ನು ಸೇರಿಸುವುದೇ ಇಲ್ಲ! ಆದರೂ ಒಳಗೆ ಸೀಸ ಸಿಕ್ಕಿದರೆ? ಯುರೇನಿಯಂ ಕ್ಷಯಿಸಿ ಆದದ್ದೇ ಇರಬೇಕು. ಯುರೇನಿಯಂ 238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಎರಡನ್ನೂ ಅಳೆದರಾಯಿತು, ವಯಸ್ಸು ಕೈಗೆ ಬಂತು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಈಶ್ವರ್ ಕುಮಾರ್, ಕೆ. ಸಜೀವ್ ಮತ್ತು ಜೊತೆಗಾರರು ಕಾರವಾರ ಸೀಮೆಯ ಬಂಡೆಗಳ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದರು. ಎಷ್ಟು ಗೊತ್ತೇ?

320 ಕೋಟಿ ವರ್ಷ!

ಭೂಮಿಗೇ 454 ಕೋಟಿ. ಅದರ ಆಯುಸ್ಸಿನ ಹತ್ತಿರ ಹತ್ತಿರ ಮುಕ್ಕಾಲು ಪಾಲನ್ನು ಈ ಬಂಡೆಯೂ ಕಂಡಿದೆ! ಇದು ಹರಳುಗಟ್ಟಿದಾಗ ಮೀನಿಲ್ಲ, ಎಲೆಯಿಲ್ಲ, ಗಾಳಿಯಲ್ಲಿ ಆಮ್ಲಜನಕವೂ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ಊಹೆ. ಇದೇ ವಯಸ್ಸಿನ, ಇದೇ ಜಾತಿಯ ಬಂಡೆಯ ಇನ್ನೊಂದು ತುಂಡು ಎಲ್ಲಿದೆ? ನಮ್ಮ ನೆಲದಲ್ಲಿ ಮಾತ್ರವೇ? ಅಲ್ಲ. ಕಡಲಾಚೆ, ಮಡಗಾಸ್ಕರ್‌ನಲ್ಲಿ! ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ದ್ವೀಪ ನಮ್ಮಿಂದ ಬೇರೆಯಾಯಿತು. ಅದಕ್ಕೂ ಬಹಳ ಬಹಳ ಮೊದಲು, ಕಾರವಾರದ ನೆಲ ಆ ಕಡೆಯ ಸ್ವತ್ತಾಗಿತ್ತು, ಧಾರವಾಡದ ಕಡೆಯದ್ದಾಗಿರಲಿಲ್ಲ ಎಂಬುದು ಇದೇ ತಂಡದ ವಾದ. ಎರಡು ನೆಲ ಬಂದು ಬೆಸೆದುಕೊಂಡ ಜಾಗ ಎಲ್ಲಿ? ಅಂಕೋಲಾ ದಾಟಿದರೆ ಸಿಗುವ ಕುಮಟಾ ಸೀಮೆಯಲ್ಲಿ!

ಆ ಬೆಸುಗೆಯ ಅಗಲ ಸುಮಾರು 15 ಕಿಲೋಮೀಟರ್. ಒಳಗೆ ಏನೇನಿದೆ ನೋಡಿ! ಕೆಸರಾಗಿದ್ದದ್ದು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕೆಂಪು ಗಾರ್ನೆಟ್ ಹೊತ್ತ ಕಲ್ಲಾಗಿದೆ. ಸುಣ್ಣಕಲ್ಲು ಅಮೃತಶಿಲೆಯಾಗಿದೆ. ಹಸಿರು ಅಭ್ರಕವೂ ಇದೆ, ಫುಕ್ಸೈಟ್! ಹಸಿರಿಗೆ ಕಾರಣ ಒಂಚೂರು ಕ್ರೋಮಿಯಂ.

ಬಂಡೆ ಬದಲಾಗಲು ಪಾತಾಳಕ್ಕೇ ಇಳಿಯಬೇಕೆಂದಿಲ್ಲ. ನಮ್ಮ ಮಳೆಗಾಲವೇ ಸಾಕು! ಸುರಿಯುವ ನೀರು ಸಿಲಿಕಾವನ್ನು ತೊಳೆದು ಒಯ್ಯುತ್ತದೆ, ಕಬ್ಬಿಣ, ಅಲ್ಯುಮಿನಿಯಂ ಹಿಂದೆ ಉಳಿಯುತ್ತವೆ. ಬೂದು ಬಂಡೆ ಕೊಳೆತು ಕೆಂಪಗಾದದ್ದೇ ಚಿರೆಕಲ್ಲು. ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ! ನಿಮ್ಮ ಕಾಂಪೌಂಡ್ ಗೋಡೆಯನ್ನು ಇನ್ನು ಮೇಲೆ ಸ್ವಲ್ಪ ಗೌರವದಿಂದ ನೋಡಿ.

ಮಾಜಾಳಿಯ ಆಚೆ, ಗೋವಾ ಗಡಿಯ ಹತ್ತಿರ ತಿಳಮಾತಿ ತೀರವಿದೆ. ಮರಳೆಲ್ಲ ಕಪ್ಪು, ಎಳ್ಳು ಚೆಲ್ಲಿದ ಹಾಗೆ! ಹಿಡಿ ಮರಳನ್ನು ಕಾಗದದ ಮೇಲೆ ಹರಡಿ, ಕೆಳಗೆ ಅಯಸ್ಕಾಂತ ಆಡಿಸಿ. ಕಾಳು ಎದ್ದು ಕುಣಿದರೆ ಮ್ಯಾಗ್ನೆಟೈಟ್. ಕುಣಿಯದ ಕಪ್ಪು ಕಾಳುಗಳಿಗೆ ಭೂತಗನ್ನಡಿ ಹಿಡಿದು, ಅವು ಯಾವುವೆಂದು ನೀವೇ ಊಹಿಸಿ.

ಇಷ್ಟು ಮುದಿ ನೆಲದಲ್ಲಿ ತೀರಾ ಎಳೆಯ ಖನಿಜ ಯಾವುದು?

ಉಪ್ಪು! ಹೌದು, ಉಪ್ಪೂ ಖನಿಜವೇ. 1930ರ ಏಪ್ರಿಲ್‌ನಲ್ಲಿ ಅಂಕೋಲಾದ ಜನ ಬ್ರಿಟಿಷರ ಕಾನೂನು ಮುರಿದದ್ದು ಈ ಖನಿಜಕ್ಕಾಗಿ! ಗಂಗಾವಳಿ ದಾಟಿ ಗೋಕರ್ಣದ ಪಕ್ಕದ ಸಾಣಿಕಟ್ಟಾ ಆಗರಕ್ಕೆ ಬೇಸಿಗೆಯಲ್ಲಿ ಹೋಗಿ, ಅದು ಹುಟ್ಟುವುದನ್ನು ನಿಂತು ನೋಡಬಹುದು. ಸಮುದ್ರದ ನೀರು ಬತ್ತುವಾಗ ಮೊದಲು ಇಳಿಯುವುದು ಸುಣ್ಣಕಲ್ಲಿನ ಪದಾರ್ಥ, ಆಮೇಲೆ ಜಿಪ್ಸಂ. ಹತ್ತರಲ್ಲೊಂದು ಪಾಲು ನೀರು ಉಳಿದಾಗ ಉಪ್ಪಿನ ಸರದಿ!

ಒಂದು ಹರಳುಪ್ಪನ್ನು ಅಂಗೈ ಮೇಲಿಟ್ಟು ನೋಡಿ. ಮೂಲೆಗಳೆಲ್ಲ ನೇರ, ಘನಾಕೃತಿ. ಮೇಲ್ಮೈ ನಡುವೆ ಮೆಟ್ಟಿಲುಮೆಟ್ಟಿಲಾಗಿ ಇಳಿದ ಕುಳಿ ಕಂಡರೆ ನಿಮ್ಮ ಅದೃಷ್ಟ. ಅಂಚು ಅವಸರದಲ್ಲಿ ಬೆಳೆದು ನಡುಭಾಗ ಹಿಂದೆ ಬಿದ್ದದ್ದರ ಗುರುತು ಅದು!