2038ರ ಗಡುವು: ನಮ್ಮ ಯಂತ್ರಗಳು ಸಿದ್ಧವೇ?

2000ನೇ ಇಸವಿಯ ವೈಟುಕೆ ಆತಂಕವನ್ನು ಸದಸ್ಯ ಬಾಂಧವರು ಮರೆತಿರಲಾರರು. ಅದೇ ಬಗೆಯ ಇನ್ನೊಂದು ಗಡುವು 2038ರ ಜನವರಿ 19ರಂದು ಬರಲಿದೆ.

ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಹಳೆಯ 32 ಬಿಟ್ ವಿನ್ಯಾಸದಲ್ಲಿ ಈ ಎಣಿಕೆಯು 2,14,74,83,647ಕ್ಕೆ ಮುಗಿಯುತ್ತದೆ. ಭಾರತೀಯ ಕಾಲಮಾನದಂತೆ ಅಂದು ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು ಕಳೆದೊಡನೆ ಸಂಖ್ಯೆಯು ಋಣಾತ್ಮಕವಾಗಿ, ದಿನಾಂಕವು 1901ರ ಡಿಸೆಂಬರ್‌ಗೆ ಜಾರುತ್ತದೆ.

64 ಬಿಟ್ ಲಿನಕ್ಸ್ ಕರ್ನೆಲ್ಲಿನ ಕಾಲಗಣನೆಗೆ ಈ ಮಿತಿಯಿಲ್ಲ. 32 ಬಿಟ್ ಯಂತ್ರಗಳಿಗೆ 2020ರಲ್ಲಿ ಬಂದ ಲಿನಕ್ಸ್ ಕರ್ನೆಲ್ 5.6 ಆವೃತ್ತಿಯು ಪರಿಹಾರ ಒದಗಿಸಿತು. ಆದರೆ ಅದರ ಮೇಲೆ ನಡೆಯುವ ತಂತ್ರಾಂಶವನ್ನೂ 64 ಬಿಟ್ ಕಾಲಗಣನೆಗೆ ಹೊಂದಿಸದಿದ್ದಲ್ಲಿ ಕರ್ನೆಲ್ ಒಂದೇ ಬದಲಾಗಿ ಫಲವಿಲ್ಲ.

ಕಚೇರಿಯ ಗಣಕಯಂತ್ರಕ್ಕಿಂತಲೂ ಬಿಲ್ಲಿಂಗ್ ಯಂತ್ರ, ಹಾಜರಾತಿ ಯಂತ್ರ ಹಾಗೂ ಕಾರ್ಖಾನೆಯ ನಿಯಂತ್ರಕಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಒಮ್ಮೆ ಅಳವಡಿಸಿದ ನಿಯಂತ್ರಕವು ಹಲವು ವರ್ಷ ದುಡಿಯುವುದರಿಂದ ಇಂದು ಕೊಂಡದ್ದೇ ಆ ದಿನವನ್ನು ಎದುರಿಸಬೇಕಾದೀತು. 2038ನ್ನು ದಾಟುವ ಸಾಲದ ಕಂತುಗಳ ಲೆಕ್ಕದಲ್ಲಂತೂ ದೋಷವು ಮೊದಲೇ ತಲೆದೋರಬಹುದು.

ಆದುದರಿಂದ 2038ರ ನಂತರದ ದಿನಾಂಕಗಳನ್ನೂ ಯಂತ್ರವು ಸರಿಯಾಗಿ ನಿರ್ವಹಿಸುವುದೆಂಬ ಲಿಖಿತ ಭರವಸೆಯನ್ನು ಖರೀದಿ ಆದೇಶದಲ್ಲಿಯೇ ಪಡೆಯುವುದು ಲೇಸು.